ಅಮ್ಮನಿಗೆ ಬೆಕ್ಕು, ಅಪ್ಪನಿಗೆ ಪುಚ್ಚೆ: ಎರಡು ಭಾಷೆಯ ಮನೆಯಲ್ಲಿ ಮಗುವಿನ ಮಾತು

ನಮ್ಮ ಮನೆಯಲ್ಲಿ ನನ್ನದು ಕನ್ನಡ, ನನ್ನ ಗಂಡನದು ತುಳು. ನಾನು ಮಂಡ್ಯದ ಕಡೆಯವಳು, ಅವರು ಪುತ್ತೂರಿನವರು, ಇರೋದು ಬೆಂಗಳೂರಿನಲ್ಲಿ. ಮಗಳಿಗೆ 15 ತಿಂಗಳಿದ್ದಾಗ ಅತ್ತೆ ಊರಿಂದ ಬಂದಿದ್ದರು. ಅವಳನ್ನು ಕಾಲ ಮೇಲೆ ಕೂರಿಸಿಕೊಂಡು "ಅಪ್ಪೆ ಓಲು?" ಅಂತ ಕೇಳಿದರು. ಮಗು ಸೀದಾ ಅಪ್ಪನ ಕಡೆ ತಿರುಗಿ ನೋಡಿತು. ತುಳುವಿನಲ್ಲಿ ಓಲು ಅಂದರೆ ಎಲ್ಲಿ, ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ಕನ್ನಡದ ಕಿವಿಗೆ ಪೂರ್ತಿ ಉಲ್ಟಾ. ಎಲ್ಲರೂ ನಕ್ಕರು, ನನಗೆ ಮಾತ್ರ ಒಳಗೊಳಗೇ ಅಳುಕು ಶುರುವಾಯಿತು.

ಮುಂದಿನ ವಾರ ಲಸಿಕೆಗೆ ಹೋದಾಗ ಒಬ್ಬ ಡಾಕ್ಟರು "ಒಂದೇ ಭಾಷೆ ಇಟ್ಕೊಳ್ಳಿ, ಮಗು ಕನ್‌ಫ್ಯೂಸ್ ಆಗುತ್ತೆ" ಅಂದುಬಿಟ್ಟರು. ಸರಿ ಅಂತ ತುಳು ನಿಲ್ಲಿಸಿದೆವು. ಮೂರು ವಾರ. ಆ ಮೂರು ವಾರದಲ್ಲಿ ಆಗಿದ್ದು ಒಂದೇ, ನನ್ನ ಗಂಡ ಮಗುವಿನ ಜೊತೆ ಮಾತಾಡೋದೇ ಕಡಿಮೆಯಾಯಿತು. ಅವರ ಕನ್ನಡ ದಕ್ಷಿಣ ಕನ್ನಡದ ಪುಸ್ತಕದ ಕನ್ನಡ, ಶಾಲೆಯಲ್ಲಿ ಕಲಿತದ್ದು. "ಮಗಳೇ, ನೀನು ಏನು ಮಾಡುತ್ತಿದ್ದೀಯಾ?" ಅಂತ ಅವರು ಕೇಳಿದರೆ ರೇಡಿಯೋ ವಾರ್ತೆ ಕೇಳಿದ ಹಾಗಿರುತ್ತಿತ್ತು. ಮುದ್ದು ಮಾಡೋದು, ಗದರೋದು, ಸುಮ್ನೆ ಏನೋ ಹರಟೋದು ಎಲ್ಲ ಅವರಿಗೆ ಬರೋದು ತುಳುವಿನಲ್ಲೇ. ಆ ಭಾಷೆ ಕಿತ್ತುಕೊಂಡಿದ್ದಕ್ಕೆ ಕನ್ನಡವೇನೂ ಜಾಸ್ತಿ ಆಗಲಿಲ್ಲ, ಮಾತೇ ಕಡಿಮೆಯಾಯಿತು.

ಆಮೇಲೆ ಕೂತು ಓದಿದೆ, ಮಾತು ಮತ್ತು ಶ್ರವಣದ ತಜ್ಞರೊಬ್ಬರ ಹತ್ತಿರವೂ ಹೋಗಿ ಕೇಳಿದೆ. ಈಗ ಮಗಳಿಗೆ ಎರಡೂವರೆ ವರ್ಷ. ನಾವು ಏನೇನು ಮಾಡಿದೆವು, ಯಾಕೆ ಮಾಡಿದೆವು ಅನ್ನೋದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮದು ಕನ್ನಡ-ತಮಿಳು ಮನೆ ಇರಬಹುದು, ಕೊಂಕಣಿ, ಉರ್ದು, ತೆಲುಗು ಇರಬಹುದು, ಅಥವಾ ಅಮೆರಿಕದಲ್ಲಿದ್ದು ಹೊರಗೆಲ್ಲ ಇಂಗ್ಲಿಷ್, ಮನೆಯಲ್ಲಿ ಮಾತ್ರ ಕನ್ನಡ ಅನ್ನುವ ಸ್ಥಿತಿ ಇರಬಹುದು. ಲೆಕ್ಕ ಹೆಚ್ಚುಕಡಿಮೆ ಒಂದೇ.

ಮೊದಲು ಹೆದರಿಕೆ ಬಿಡಿ

ಮಗುವಿಗೆ ಎರಡು ಭಾಷೆ ಕಲಸುಮೇಲೋಗರವಾಗಿ ಕೇಳಿಸುವುದಿಲ್ಲ. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಆಗಷ್ಟೇ ಹುಟ್ಟಿದ ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದರು. ಬಸುರಿಯಾಗಿದ್ದಾಗ ಇಂಗ್ಲಿಷ್ ಮತ್ತು ಫಿಲಿಪ್ಪೀನ್ಸಿನ ಟಗಾಲೋಗ್ ಭಾಷೆ ಎರಡನ್ನೂ ಮಾತಾಡುತ್ತಿದ್ದ ತಾಯಂದಿರ ಮಕ್ಕಳವು. ಅವು ಎರಡೂ ಭಾಷೆಗೆ ಆಸೆಯಿಂದ ಕಿವಿಗೊಟ್ಟವು, ಜೊತೆಗೆ ಅವೆರಡೂ ಬೇರೆ ಬೇರೆ ಅಂತಲೂ ಗುರುತಿಸಿದವು. ಹುಟ್ಟಿ ಕೆಲವೇ ದಿನ ಆಗಿತ್ತು ಅಷ್ಟೆ. ಹಾಗಾಗಿ ಬೇರ್ಪಡಿಸುವ ಕೆಲಸವನ್ನು ಮಗುವಿಗೇ ಬಿಡಿ. ನಿಮ್ಮ ಕೆಲಸ ಎರಡಕ್ಕೂ ಸಾಕಷ್ಟು ಮಾತು ಒದಗಿಸೋದು.

ಇನ್ನೊಂದು ವಿಷಯ, ಇದು ನಮ್ಮ ಭಾಷೆಗಳಿಗೆ ನೇರವಾಗಿ ತಾಗುವಂಥದ್ದು. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಇಂಗ್ಲಿಷ್ ಮನೆಯ ಮಕ್ಕಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. 6ರಿಂದ 8 ತಿಂಗಳಿನ ಮಕ್ಕಳು ವ್ಯತ್ಯಾಸ ಗುರುತಿಸಿದವು. 10ರಿಂದ 12 ತಿಂಗಳಿನ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಅದು ಕೇಳಿಸುವುದು ನಿಂತೇಹೋಗಿತ್ತು. ಮನೆಯಲ್ಲಿ ಯಾರೂ ಬಳಸದ ವ್ಯತ್ಯಾಸವನ್ನು ಮಗುವಿನ ಕಿವಿ ಯಾಕೆ ಇಟ್ಟುಕೊಳ್ಳಬೇಕು, ಅಲ್ವಾ? ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುವ ಕನ್ನಡದವರು "ದೊಡ್ಡವಳಾದ ಮೇಲೆ ಕಲಿಸೋಣ" ಅನ್ನುತ್ತಾರೆ. ದೊಡ್ಡವಳಾದ ಮೇಲೂ ಕಲಿಯಬಹುದು, ಖಂಡಿತ. ಆದರೆ ತಟ್ಟೆಯ ತ ಮತ್ತು ಟ ಮೊದಲ ವರ್ಷದಲ್ಲಿ ಪುಕ್ಕಟೆ ಸಿಗುತ್ತವೆ, ಆಮೇಲೆ ಅವಕ್ಕೆ ಬೆವರು ಸುರಿಸಬೇಕು.

ಒಂದು ವಾರದ ಗಂಟೆ ಲೆಕ್ಕ ಹಾಕಿ

ಇದನ್ನು ಯಾರೂ ಮಾಡೋದಿಲ್ಲ, ನನಗೆ ಜಾಸ್ತಿ ಕಣ್ಣು ತೆರೆಸಿದ್ದು ಇದೇ. ಒಂದೂವರೆ ವರ್ಷದ ಮಗು ಹಗಲು ನಿದ್ದೆಯೂ ಸೇರಿ ಸುಮಾರು 13 ಗಂಟೆ ಮಲಗುತ್ತೆ ಅಂತಿಟ್ಟುಕೊಳ್ಳಿ. ಎಚ್ಚರ ಇರೋದು 11 ಗಂಟೆ, ವಾರಕ್ಕೆ 77. ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು, ಆ 77ರಲ್ಲಿ ಯಾವ ಭಾಷೆ ಎಷ್ಟು ಹೊತ್ತು ಮಗುವಿನ ಕಿವಿಗೆ ಬಿತ್ತು ಅಂತ ಅಂದಾಜು ಬರೆಯಿರಿ. ಮಗುವಿನ ಜೊತೆ ಆಡಿದ ಮಾತು ಮಾತ್ರ ಲೆಕ್ಕಕ್ಕೆ. ದೊಡ್ಡವರು ತಮ್ಮ ತಮ್ಮಲ್ಲಿ ಆಡಿಕೊಂಡದ್ದು, ಟಿವಿ, ಫೋನಿನಲ್ಲಿ ಅತ್ತೆ ನಾದಿನಿ ಮಾತು ಇದ್ಯಾವುದನ್ನೂ ಸೇರಿಸಬೇಡಿ.

ನಮ್ಮ ಮನೆಯ ತುಳು ಲೆಕ್ಕ ಕೇಳಿ. ಗಂಡ ಆಫೀಸಿಂದ ಬರೋದು ಎಂಟಕ್ಕೆ, ಮಗು ಮಲಗೋದು ಎಂಟೂವರೆಗೆ. ವಾರದ ಐದು ದಿನ ಅರ್ಧರ್ಧ ಗಂಟೆ, ಶನಿವಾರ ಭಾನುವಾರ ನಾಲ್ಕು ನಾಲ್ಕು ಗಂಟೆ. ಒಟ್ಟು ಹತ್ತೂವರೆ. ಅಂದರೆ ಶೇ. 14ಕ್ಕೂ ಕಡಿಮೆ.

ಮಯಾಮಿಯಲ್ಲಿ ಸ್ಪ್ಯಾನಿಷ್-ಇಂಗ್ಲಿಷ್ ಮನೆಗಳ ಮಕ್ಕಳನ್ನು ಅಧ್ಯಯನ ಮಾಡಿದ ಬಾರ್ಬರಾ ಪಿಯರ್ಸನ್ ಮತ್ತು ಜೊತೆಗಾರರು 1997ರಲ್ಲಿ ಹೇಳಿದ್ದು ಇದನ್ನೇ. ಒಂದು ಭಾಷೆ ಎಷ್ಟು ಕಿವಿಗೆ ಬೀಳುತ್ತೋ ಆ ಭಾಷೆಯ ಪದಗಳೂ ಹೆಚ್ಚುಕಡಿಮೆ ಅಷ್ಟೇ ಬರುತ್ತವೆ. ಶೇ. 20ಕ್ಕಿಂತ ಕೆಳಗೆ ಇಳಿದರೆ ಮಗು ಆ ಭಾಷೆ ಮಾತಾಡಲು ಹಿಂದೇಟು ಹಾಕುತ್ತದೆ. ಅದೇನು ಲಕ್ಷ್ಮಣರೇಖೆ ಅಲ್ಲ, ಆದರೂ ಗುರಿ ಇಟ್ಟುಕೊಳ್ಳಲು ಒಂದು ಅಂಕಿ ಬೇಕಲ್ಲ. 77ರಲ್ಲಿ ಶೇ. 20 ಅಂದರೆ ಹದಿನೈದೂವರೆ ಗಂಟೆ.

ಕಡಿಮೆ ಬಿದ್ದಿದ್ದನ್ನು ಹೇಗೆ ತುಂಬಿದೆವು ಅಂದರೆ, ಬೆಳಗಿನ ಸ್ನಾನ ಮತ್ತು ತಿಂಡಿ ಅಪ್ಪನ ಪಾಲಿಗೆ ಹೋಯಿತು. ದಿನಕ್ಕೆ ಒಂದು ಗಂಟೆ ಸೇರಿತು. ರಜಾ ದಿನ ಇನ್ನೊಂದು ಗಂಟೆ ಪಾರ್ಕು. ಈಗ ವಾರಕ್ಕೆ ಹತ್ತೊಂಬತ್ತೂವರೆ, ಸುಮಾರು ಶೇ. 25. ನನಗೂ ಬೆಳಿಗ್ಗೆ ಒಂದು ಗಂಟೆ ಕಾಫಿ ಬಿಸಿಯಾಗಿ ಕುಡಿಯುವ ಭಾಗ್ಯ ಸಿಕ್ಕಿತು, ಅದನ್ನೂ ಲಾಭದ ಕಡೆಗೇ ಬರೆದುಕೊಂಡೆ.

ಯಾರು ಯಾವ ಭಾಷೆ?

ಒಬ್ಬರಿಗೆ ಒಂದು ಭಾಷೆ ಅನ್ನುವ ಪದ್ಧತಿ ಹಳೆಯದು. ಫ್ರಾನ್ಸಿನ ಜೂಲ್ ರೋಂಜಾ ತನ್ನ ಮಗನಿಗೆ ತಾನು ಫ್ರೆಂಚ್, ಹೆಂಡತಿ ಜರ್ಮನ್ ಅಂತ ಹಂಚಿಕೊಂಡು ಬೆಳೆಸಿ 1913ರಲ್ಲೇ ಅದರ ಬಗ್ಗೆ ಪುಸ್ತಕ ಬರೆದಿದ್ದಾರೆ. ನಿಯಮ ಸುಲಭ, ನೆನಪಿಡಲೂ ಸುಲಭ. ಆದರೆ ಇದೊಂದೇ ದಾರಿ ಅಂತ ಹಠ ಹಿಡಿಯಬೇಡಿ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಆನಿಕ್ ದ ಹೌವರ್ ಸುಮಾರು 1,900 ಮನೆಗಳ ಲೆಕ್ಕ ತೆಗೆದು 2007ರಲ್ಲಿ ಪ್ರಕಟಿಸಿದರು. ನಾಲ್ಕರಲ್ಲಿ ಒಂದು ಭಾಗದಷ್ಟು ಮನೆಗಳಲ್ಲಿ ಮಕ್ಕಳು ಊರಿನ ಭಾಷೆ ಮಾತ್ರ ಆಡುತ್ತಿದ್ದರು, ಮನೆಯ ಇನ್ನೊಂದು ಭಾಷೆ ಅವರ ಬಾಯಲ್ಲಿ ಇರಲಿಲ್ಲ. ತಂದೆತಾಯಿ ಇಬ್ಬರೂ ಆ ಸಣ್ಣ ಭಾಷೆ ಆಡುತ್ತಿದ್ದ ಮನೆಗಳಲ್ಲಿ ಅದು ಚೆನ್ನಾಗಿ ಉಳಿದಿತ್ತು.

ಇದನ್ನು ಓದಿದ ಮೇಲೆ ನಾನೂ ನಾಲ್ಕು ತುಳು ಮಾತು ಕಲಿತೆ. ನುಪ್ಪು (ಅನ್ನ), ಪೇರ್ (ಹಾಲು), ಬೋಡು (ಬೇಕು), ಬೊಡ್ಚಿ (ಬೇಡ). ನನ್ನ ಉಚ್ಚಾರ ಕೇಳಿ ಅತ್ತೆ ಇವತ್ತಿಗೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ನಗಲಿ. ಮಗು ಭಾಷೆ ಕಲಿಯೋದು ಅತ್ತೆಯಿಂದ, ಗಂಡನಿಂದ. ನನ್ನಿಂದ ಅವಳಿಗೆ ಗೊತ್ತಾಗಬೇಕಾದ್ದು ಇಷ್ಟೇ, ಅಮ್ಮನಿಗೂ ಈ ಭಾಷೆ ಬೇಕು.

ಅಪ್ಪ-ಅಮ್ಮ ಇಬ್ಬರದೂ ಕನ್ನಡವೇ ಆಗಿದ್ದು ಹೊರಗೆ ಬೇರೆ ಭಾಷೆ ಇದ್ದರೆ ಇನ್ನೂ ಸಲೀಸು: ಮನೆಯೊಳಗೆ ಕನ್ನಡ, ಹೊರಗಿನದು ಹೊರಗೆ.

ಹೆಸರು ಹೇಳುವ ರೀತಿ

ಒಂದೇ ಭಾಷೆಯ ಮಕ್ಕಳು ಒಂದೂವರೆ ವರ್ಷದ ಹೊತ್ತಿಗೆ ಒಂದು ಉಪಾಯ ಕಲಿತಿರುತ್ತಾರೆ. ಹೊಸ ಪದ ಕೇಳಿದರೆ, ಹೆಸರು ಗೊತ್ತಿಲ್ಲದ ವಸ್ತುವಿಗೇ ಅದನ್ನು ಅಂಟಿಸುತ್ತಾರೆ. ಲೋಟದ ಹೆಸರು ಆಗಲೇ ಗೊತ್ತಿದೆ, ಹಾಗಾದರೆ ಈ ಹೊಸ ಪದ ಪಕ್ಕದಲ್ಲಿರುವ ಜರಡಿಯದ್ದೇ ಇರಬೇಕು ಅಂತ. ಎರಡು ಭಾಷೆಯ ಮಗುವಿಗೆ ಈ ಉಪಾಯ ಕೈಕೊಡುತ್ತದೆ. ಬೆಕ್ಕು ಗೊತ್ತು, ಆದರೂ ಅಪ್ಪ ಅದನ್ನೇ ಪುಚ್ಚೆ ಅನ್ನುತ್ತಾರೆ. 2009ರಲ್ಲಿ ಕ್ರಿಸ್ಟಾ ಬೈಯರ್ಸ್-ಹೈನ್‌ಲೈನ್ ಮತ್ತು ವರ್ಕರ್ 17-18 ತಿಂಗಳಿನ ಮಕ್ಕಳಲ್ಲಿ ನೋಡಿದ್ದೂ ಇದನ್ನೇ. ಒಂದು ಭಾಷೆಯ ಮಕ್ಕಳು ಈ ಉಪಾಯ ಬಳಸಿದರು, ಎರಡು ಭಾಷೆಯವರು ಅಷ್ಟಾಗಿ ಬಳಸಲಿಲ್ಲ, ಮೂರು ಭಾಷೆಯವರು ಬಳಸಲೇ ಇಲ್ಲ. ಇದು ದಡ್ಡತನ ಅಲ್ಲ. ಒಂದು ವಸ್ತುವಿಗೆ ಎರಡು ಹೆಸರು ಇರಬಹುದು ಅಂತ ಅವರಿಗೆ ಮೊದಲೇ ಗೊತ್ತಾಗಿದೆ, ಅಷ್ಟೇ.

ಹಾಗಾಗಿ ನೀವು ಸ್ವಲ್ಪ ಜಾಸ್ತಿ ಸುಳಿವು ಕೊಡಬೇಕು. ಮಗು ಏನು ನೋಡುತ್ತಿದೆಯೋ ಅದರ ಹೆಸರು ಹೇಳಿ. ಅದು ಫ್ಯಾನ್ ನೋಡುತ್ತಿರುವಾಗ ನೀವು ಚೆಂಡು ಚೆಂಡು ಅಂತ ಕೂಗಿದರೆ ಪ್ರಯೋಜನ ಇಲ್ಲ. ಬೆರಳು ತೋರಿಸಿ, ಸಾಧ್ಯವಾದರೆ ಮುಟ್ಟಿಸಿ, ಮುಖ ಮಗುವಿನ ಮಟ್ಟಕ್ಕೆ ಇಳಿಸಿ. ಬರೀ ಹೆಸರು ಹೇಳಿ ಬಿಡಬೇಡಿ, ಎರಡು ಮೂರು ಸಣ್ಣ ವಾಕ್ಯದಲ್ಲಿ ಅದನ್ನೇ ತಿರುಗಿಸಿ ತಿರುಗಿಸಿ ಹೇಳಿ. "ಅಲ್ನೋಡು, ಬೆಕ್ಕು! ಬೆಕ್ಕು ಹಾಲು ಕುಡೀತಿದೆ. ಬೆಕ್ಕಿಗೆ ಇನ್ನೂ ಬೇಕಂತೆ. ಬೆಕ್ಕಿನ ಬಾಲ ಎಲ್ಲಿ?" ಕನ್ನಡದಲ್ಲಿ ಪದದ ಬಾಲ ಬದಲಾಗುತ್ತಲೇ ಇರುತ್ತದೆ, ಬೆಕ್ಕಿಗೆ, ಬೆಕ್ಕಿನ, ಬೆಕ್ಕನ್ನ. ಇಷ್ಟರೊಳಗಿಂದ ಬೆಕ್ಕನ್ನು ಹೆಕ್ಕಿ ತೆಗೆಯೋದು ಮಗುವಿನ ಕೆಲಸ. ಒಂದೇ ಹೊತ್ತಿನಲ್ಲಿ ನಾಲ್ಕು ರೂಪ ಸಿಕ್ಕರೆ ಆ ಕೆಲಸ ಹಗುರಾಗುತ್ತದೆ. ಸಂಜೆ ಅಪ್ಪ ಅದೇ ಬೆಕ್ಕನ್ನು ತೋರಿಸಿ ಪುಚ್ಚೆಯ ಕತೆ ಶುರು ಮಾಡಲಿ.

ಎರಡು ಭಾಷೆ ಹತ್ತಿರದ ನೆಂಟರಾಗಿದ್ದರೆ ಒಂದು ಅನುಕೂಲ ಇದೆ. ಬ್ರಿಟನ್ನಿನಲ್ಲಿ ಇಂಗ್ಲಿಷ್ ಜೊತೆಗೆ ಬೇರೆ 13 ಭಾಷೆಗಳಲ್ಲಿ ಒಂದನ್ನು ಕಲಿಯುತ್ತಿದ್ದ ಎರಡು ವರ್ಷದ 372 ಮಕ್ಕಳನ್ನು ನೋಡಿದ ಅಧ್ಯಯನವೊಂದು 2018ರಲ್ಲಿ ಬಂತು. ಇಂಗ್ಲಿಷಿಗೆ ಹತ್ತಿರದ ಭಾಷೆಯ ಮಕ್ಕಳಿಗೆ ಆ ಇನ್ನೊಂದು ಭಾಷೆಯ ಪದಗಳು ಜಾಸ್ತಿ ಗೊತ್ತಿದ್ದವು. ನಮ್ಮಲ್ಲೂ ನೀರು-ನೀರ್, ಮೀನು-ಮೀನ್, ಹೂ-ಪೂ ಬೇಗ ಬಂದವು, ನಾಯಿಯಂತೂ ಎರಡರಲ್ಲೂ ನಾಯಿಯೇ. ಹಾಲಿಗೆ ಪೇರ್, ಅನ್ನಕ್ಕೆ ನುಪ್ಪು ನಿಧಾನವಾಯಿತು. ಒಂದೇ ಥರ ಕೇಳಿಸಿ ಅರ್ಥ ಬೇರೆ ಇರುವ ಪದಗಳು ಇನ್ನೂ ನಿಧಾನ. ಕನ್ನಡದ ಇಲ್ಲ ನಿಮಗೆ ಗೊತ್ತು, ತುಳುವಿನಲ್ಲಿ ಇಲ್ಲ್ ಅಂದರೆ ಮನೆ. ಅಂಥ ಪದಗಳನ್ನು ಕೂರಿಸಿಕೊಂಡು ಪಾಠ ಮಾಡಲು ಹೋಗಬೇಡಿ. ಅಪ್ಪೆ ಯಾರು ಅಂತ ನಾವು ಒಂದು ದಿನವೂ ಕಲಿಸಲಿಲ್ಲ. 19 ತಿಂಗಳಾದಾಗ ಅತ್ತೆ ಮತ್ತೆ ಬಂದು ಅದೇ ಪ್ರಶ್ನೆ ಕೇಳಿದರು, ಅವಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಬೆರಳು ತೋರಿಸಿದಳು. ಅದೇ ಬೆರಳು ನಾನು "ಅಪ್ಪ ಎಲ್ಲಿ?" ಅಂತ ಕೇಳಿದಾಗ ಅಪ್ಪನ ಕಡೆಗೇ ಹೋಗುತ್ತಿತ್ತು.

ವಾಕ್ಯ ಮುಗಿಸಿ, ಆಮೇಲೆ ಭಾಷೆ ಬದಲಿಸಿ

ಬೆಂಗಳೂರಿನ ನಾಲಿಗೆ ಗೊತ್ತಲ್ಲ, "ಬೇಬಿ, ಆ ರೆಡ್ ಕಲರ್ ಬಾಲ್ ಪಿಕ್ ಮಾಡಿ ಅಂಕಲ್‌ಗೆ ಗಿವ್ ಮಾಡು." ಇಂಥ ವಾಕ್ಯದಿಂದ ಮಗು ಕೆಟ್ಟುಹೋಗಲ್ಲ, ಆದರೆ ಅದಕ್ಕೆ ಕೆಲಸ ಜಾಸ್ತಿ. 2017ರಲ್ಲಿ ಮಾಂಟ್ರಿಯಲ್‌ನಲ್ಲಿ ಫ್ರೆಂಚ್-ಇಂಗ್ಲಿಷ್ ಎರಡೂ ಕೇಳಿ ಬೆಳೆಯುತ್ತಿದ್ದ 20 ತಿಂಗಳಿನ ಮಕ್ಕಳಿಗೆ ಇಂಗ್ಲಿಷ್ ವಾಕ್ಯದ ಮಧ್ಯೆ ತಟ್ಟನೆ ಫ್ರೆಂಚ್ ಪದ ಕೇಳಿಸಿ ನೋಡಿದರು. ಮಕ್ಕಳ ಕಣ್ಣು ಸರಿಯಾದ ಚಿತ್ರಕ್ಕೆ ಹೋಗುವುದು ತಡವಾಯಿತು, ಕಣ್ಣಿನ ಪಾಪೆ ಹಿಗ್ಗಿತು. ಮನಸ್ಸಿಗೆ ಶ್ರಮ ಆದಾಗ ಪಾಪೆ ಹಿಗ್ಗುತ್ತದೆ, ದೊಡ್ಡವರಿಗೂ ಹಾಗೇ ಆಯಿತು. ಒಂದು ವಾಕ್ಯ ಮುಗಿದು ಮುಂದಿನದು ಬೇರೆ ಭಾಷೆಯಲ್ಲಿ ಬಂದರೆ ಆ ಕಷ್ಟ ಕಡಿಮೆ.

ಅದಕ್ಕೇ ನಾನು ಒಂದೇ ನಿಯಮ ಇಟ್ಟುಕೊಂಡೆ. ಹೊಸ ಪದ ಹೇಳಿಕೊಡುವಾಗ ಇಡೀ ವಾಕ್ಯ ಒಂದೇ ಭಾಷೆಯಲ್ಲಿ. ಬಾಕಿ ಹೊತ್ತಲ್ಲಿ ನಾಲಿಗೆ ಹೇಗೆ ಹೊರಳುತ್ತೋ ಹಾಗೆ. ಬಸ್ಸು, ಫ್ಯಾನು, ಸೋಪು ಬಿಡಿಸಿ ಬೇರೆ ಪದ ಹುಡುಕಲು ಹೋಗಬೇಡಿ, ಅವು ಈಗ ನಮ್ಮವೇ. ನನ್ನ ಮಗಳ ಮೂರನೆಯ ಪದ ಫ್ಯಾನು, ನಾನದನ್ನು ಕನ್ನಡದ ಖಾತೆಗೇ ಹಾಕಿಕೊಂಡಿದ್ದೇನೆ.

ಮಗುವೇ ಬೆರೆಸಿದರೆ? "ಪುಚ್ಚೆ ಬಂತು" ಅಂತ ಅವಳು ಅಂದರೆ ನಾನು "ಹೂಂ, ಬೆಕ್ಕು ಬಂತು!" ಅಂತೀನಿ, ಅಷ್ಟೇ. ತಪ್ಪು ಅನ್ನಲ್ಲ, "ಕನ್ನಡದಲ್ಲಿ ಹೇಳು" ಅಂತ ಪರೀಕ್ಷೆ ಮಾಡಲ್ಲ. ಒಂದು ಭಾಷೆಯ ಡಬ್ಬದಲ್ಲಿ ಪದ ಸಿಗದಿದ್ದಾಗ ಪಕ್ಕದ ಡಬ್ಬದಿಂದ ತೆಗೆಯೋದು ಜಾಣತನವೇ. ನೆಂಟರ ಮುಂದೆ ನಿಲ್ಲಿಸಿ "ತುಳುವಿನಲ್ಲಿ ಹಾಲಿಗೆ ಏನು, ಹೇಳು ಪುಟ್ಟ" ಅನ್ನೋದನ್ನಂತೂ ದಯವಿಟ್ಟು ಬಿಟ್ಟುಬಿಡಿ.

ಫೋನು ಮಾತು ಕಲಿಸುತ್ತಾ?

ಕಲಿಸಲ್ಲ. 2003ರಲ್ಲಿ ಪೆಟ್ರೀಷಿಯಾ ಕೂಲ್ ಅವರ ತಂಡ ಅಮೆರಿಕದ 9 ತಿಂಗಳಿನ ಮಕ್ಕಳ ಜೊತೆ ಚೀನೀ ಭಾಷೆ ಮ್ಯಾಂಡರಿನ್‌ನಲ್ಲಿ ಆಡಿಸಿತು, 25 ನಿಮಿಷದಂತೆ 12 ಸಲ. ಎದುರಿಗೆ ಕೂತು ಆಡಿಸಿದ ಮಕ್ಕಳು ಮ್ಯಾಂಡರಿನ್‌ನ ಧ್ವನಿ ವ್ಯತ್ಯಾಸ ಕಲಿತರು. ಅದೇ ಜನ, ಅದೇ ಮಾತು, ಟಿವಿ ಪರದೆಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. ಹಾಗಾಗಿ ಕನ್ನಡ ಶಿಶುಗೀತೆ ಹಾಕಿ ಕೂರಿಸಿ "ಕನ್ನಡ ಕಲೀತಿದಾಳೆ" ಅಂದುಕೊಳ್ಳಬೇಡಿ. ಅದು ನಿಮಗೆ ಅನ್ನ ಬಸಿಯಲು ಸಿಗುವ ಹತ್ತು ನಿಮಿಷ, ಅದಕ್ಕಷ್ಟೇ ಬಳಸಿ.

ವಿಡಿಯೋ ಕಾಲ್ ಮಾತ್ರ ಬೇರೆ. ಅಜ್ಜಿ ಆ ಕಡೆಯಿಂದ ಮಗುವಿಗೆ ಉತ್ತರ ಕೊಡುತ್ತಾರೆ, ಅದೇ ಮುಖ್ಯ. ಎರಡರಿಂದ ಎರಡೂವರೆ ವರ್ಷದ ಮಕ್ಕಳು ಹೀಗೆ ನೇರ ವಿಡಿಯೋ ಮಾತಿನಿಂದ ಹೊಸ ಕ್ರಿಯಾಪದ ಕಲಿತದ್ದನ್ನು 2014ರ ಒಂದು ಅಧ್ಯಯನ ತೋರಿಸಿದೆ. ಫೋನ್ ಮಗುವಿನ ಕೈಗೆ ಕೊಡಬೇಡಿ, ಡಬ್ಬಕ್ಕೆ ಒರಗಿಸಿ ಇಡಿ. ಆ ಕಡೆ ಒಂದು ಬಾಳೆಹಣ್ಣು, ಈ ಕಡೆ ಒಂದು ಬಾಳೆಹಣ್ಣು ಇರಲಿ. ಅಜ್ಜಿ ಸುಲಿದಾಗ ಇವಳೂ ಸುಲಿಯಲಿ. "ಊಟ ಆಯ್ತಾ" ಅನ್ನುವ ಮಾತಿಗಿಂತ ಇದು ಜಾಸ್ತಿ ಹೊತ್ತು ನಡೆಯುತ್ತದೆ.

ಎರಡು ಕಾಲಮ್ಮಿನ ಪಟ್ಟಿ

"ಪಕ್ಕದ ಮನೆ ಹುಡುಗ ಇಷ್ಟು ಹೊತ್ತಿಗೆ ಎಷ್ಟೊಂದು ಮಾತಾಡ್ತಿದ್ದ" ಅನ್ನುವ ಮಾತಿಗೆ ಔಷಧಿ ಇದು. ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿ, ಎರಡು ಕಾಲಂ ಮಾಡಿ. ಮಗು ಆಡಿದ ಪದವನ್ನು ಯಾರು ಕೇಳಿದರೋ ಅವರು ಬರೆಯಲಿ. ಉಚ್ಚಾರ ಸರಿ ಇರಬೇಕಿಲ್ಲ, ಅದೇ ವಸ್ತುವಿಗೆ ಅದೇ ಸದ್ದು ಮತ್ತೆ ಮತ್ತೆ ಬರಬೇಕು ಅಷ್ಟೆ. ಮಮ್ಮು, ತಾಚಿ, ಟಾಟಾ, ಬೌಬೌ ಎಲ್ಲ ಸೇರಿಸಿ. ನೀವು ಹೇಳಿದ್ದನ್ನು ಗಿಣಿಯ ಹಾಗೆ ಒಮ್ಮೆ ಹೇಳಿದ್ದು ಬೇಡ.

18 ತಿಂಗಳಿಗೆ ನಮ್ಮ ಪಟ್ಟಿಯಲ್ಲಿ ಕನ್ನಡ 22, ತುಳು 13. ಕನ್ನಡ ಮಾತ್ರ ನೋಡಿದರೆ ಕಡಿಮೆ ಅನಿಸುತ್ತೆ, ತುಳು ಮಾತ್ರ ನೋಡಿದರೆ ಗಾಬರಿಯೇ ಆಗುತ್ತೆ. ಕೂಡಿಸಿದರೆ 35. ಅದರಲ್ಲಿ 8 ಜೋಡಿ ಪದಗಳು, ಅಂದರೆ ಒಂದೇ ಅರ್ಥಕ್ಕೆ ಎರಡೂ ಭಾಷೆಯ ಪದ ಬರುತ್ತಿತ್ತು. ಹಾಗಾದರೆ ಅವಳಿಗೆ ಹೆಸರಿಡಲು ಬರುತ್ತಿದ್ದ ಸಂಗತಿಗಳು 27. ಒಂದೇ ಭಾಷೆಯ ಮಗುವಿನ ಜೊತೆ ಹೋಲಿಸಲೇಬೇಕಿದ್ದರೆ ಈ 27 ಅನ್ನು ಹೋಲಿಸಿ. ಪಿಯರ್ಸನ್ ತಂಡ ಮಯಾಮಿಯಲ್ಲಿ ಹೀಗೆ ಎಣಿಸಿದಾಗ ಎರಡು ಭಾಷೆಯ ಮಕ್ಕಳು ಹಿಂದೆ ಬಿದ್ದಿರಲಿಲ್ಲ. ಜೋಡಿ ಪದಗಳು ಸರಾಸರಿ ಶೇ. 30ರಷ್ಟು ಇದ್ದವು, ಅಂದರೆ ಪ್ರತಿ ಪದಕ್ಕೂ ಜೋಡಿ ಇರಲೇಬೇಕು ಅಂತಿಲ್ಲ. ನಮ್ಮವಳಿಗೆ ಸ್ನಾನದ ಪದಗಳೆಲ್ಲ ತುಳುವಿನಲ್ಲಿ, ನಿದ್ದೆಯ ಪದಗಳೆಲ್ಲ ಕನ್ನಡದಲ್ಲಿ. ಯಾರು ಏನು ಮಾಡಿಸುತ್ತಾರೋ ಅದರ ಪದ ಅವರದು.

ಡೇಕೇರ್ ಶುರುವಾದಾಗ

ಇಂಗ್ಲಿಷ್ ಬಗ್ಗೆ ಚಿಂತೆ ಮಾಡಬೇಡಿ, ಬೆಂಗಳೂರಿನಲ್ಲಿ ಅದು ತಾನಾಗಿಯೇ ಬರುತ್ತೆ. "ನಾವೂ ಮನೆಯಲ್ಲಿ ಇಂಗ್ಲಿಷ್ ಶುರು ಮಾಡಿಬಿಡೋಣ" ಅನ್ನುವ ಆಸೆ ಬರುವುದು ಇಲ್ಲೇ. ದಿನಕ್ಕೆ ಆರು ಗಂಟೆ ಡೇಕೇರ್ ಅಂದರೆ ವಾರಕ್ಕೆ 30 ಗಂಟೆ ಮೂರನೆಯ ಭಾಷೆಗೆ ಹೋಯಿತು. ಮತ್ತೆ ಕ್ಯಾಲೆಂಡರ್ ತಿರುಗಿಸಿ ಗಂಟೆ ಲೆಕ್ಕ ಹಾಕಿ. ಮೊದಲು ಸೊರಗೋದು ಸಣ್ಣ ಭಾಷೆ, ನಮ್ಮಲ್ಲಿ ತುಳು. ಮಗು ಇಂಗ್ಲಿಷಿನಲ್ಲಿ ಕೇಳಿದರೂ ಅಪ್ಪ ತುಳುವಿನಲ್ಲೇ ಉತ್ತರ ಕೊಡುತ್ತಾರೆ, ಜಗಳ ಇಲ್ಲ, ಉಪದೇಶ ಇಲ್ಲ.

ಯಾವಾಗ ತೋರಿಸಬೇಕು

ಎರಡು ಭಾಷೆಯಿಂದ ಮಾತು ತಡವಾಗುವ ತೊಂದರೆ ಹುಟ್ಟುವುದಿಲ್ಲ. ಇದರ ಇನ್ನೊಂದು ಮುಖವನ್ನು ಮಾತ್ರ ಜನ ಮರೆಯುತ್ತಾರೆ. ನಿಜವಾಗಿ ತಡವಾಗಿದ್ದಾಗ "ಎರಡು ಭಾಷೆ ಅಲ್ವಾ, ಅದಕ್ಕೇ" ಅಂತ ಸುಮ್ಮನಿದ್ದುಬಿಡುತ್ತಾರೆ. 12 ತಿಂಗಳಾದರೂ ಬಾಬಾ-ದಾದಾ ಥರದ ತೊದಲು ಇಲ್ಲ, ಬೆರಳು ತೋರಿಸುವುದಿಲ್ಲ ಅಂದರೆ, 16 ತಿಂಗಳಿಗೆ ಎರಡು ಭಾಷೆ ಸೇರಿಸಿಯೂ ಒಂದು ಪದ ಇಲ್ಲ ಅಂದರೆ, ಎರಡು ವರ್ಷಕ್ಕೆ "ಅಮ್ಮ ಬಾ", "ನೀರು ಬೇಕು" ಥರ ಎರಡು ಪದ ತಾನಾಗಿ ಜೋಡಿಸುತ್ತಿಲ್ಲ ಅಂದರೆ ಕಾಯಬೇಡಿ. ಬರುತ್ತಿದ್ದ ಮಾತು ಯಾವ ವಯಸ್ಸಿನಲ್ಲೇ ನಿಂತುಹೋದರೂ ತಕ್ಷಣ ಹೋಗಿ.

ಮೊದಲು ಕಿವಿ ಪರೀಕ್ಷೆ. ಕೂಗಿದರೆ ತಿರುಗುತ್ತಾಳೆ ಅನ್ನುವುದು ಪರೀಕ್ಷೆ ಅಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಇದೇ ಕೆಲಸಕ್ಕೆ 1965ರಲ್ಲಿ ಶುರುವಾದದ್ದು. ದೊಡ್ಡ ಊರುಗಳ ಆಸ್ಪತ್ರೆಗಳಲ್ಲೂ ಈ ತಜ್ಞರು ಸಿಗುತ್ತಾರೆ. ಒಳಗೆ ಹೋದ ಕೂಡಲೇ ಮನೆಯಲ್ಲಿ ಯಾವ ಯಾವ ಭಾಷೆ, ಎಷ್ಟೆಷ್ಟು ಹೊತ್ತು ಅಂತ ಹೇಳಿ. ತುಳು ಜಾಸ್ತಿ ಬರುವ ಮಗುವನ್ನು ಇಂಗ್ಲಿಷ್ ಚಿತ್ರ ತೋರಿಸಿ ಅಳೆದರೆ ಸರಿ ಉತ್ತರ ಸಿಗಲ್ಲ. ಫ್ರಿಜ್ಜಿನ ಮೇಲಿನ ಆ ಹಾಳೆ ಕಿತ್ತು ಜೊತೆಗೆ ತೆಗೆದುಕೊಂಡು ಹೋಗಿ. ಹರಿದಿದ್ದರೂ ಪರವಾಗಿಲ್ಲ, ಸಾರು ಚೆಲ್ಲಿದ್ದರೂ ಪರವಾಗಿಲ್ಲ, ಎರಡೂ ಕಾಲಂ ಓದೋ ಹಾಗಿರಲಿ.